ಒಮ್ಮೆ ಹೊಯ್ದ ನೀರು

ಐವತ್ತೆಂಟರ ಮಾತು. ಫೋರ್ಟ್ ಕೊಚ್ಚಿಯಲ್ಲಿ ನಮ್ಮ ಪಕ್ಕದ ಮನೆಯ ಫಿಲೋಮಿನಾಳ ಮಗು ಹುಟ್ಟಿದಾಗ ಅಳಲಿಲ್ಲ, ಮೈ ನೀಲಿಗಟ್ಟಿತ್ತು. ಅಚ್ಚನನ್ನು, ಅಂದರೆ ಪಾದ್ರಿಗಳನ್ನು, ಕರೆತರಲು ಅವಳ ಅತ್ತೆ ತ್ರೇಸ್ಯಾ ಇಗರ್ಜಿಗೆ ಓಡಿದ್ದಳು. ಸೂಲಗಿತ್ತಿ ಮಗುವಿನ ಬೆನ್ನು ತಿಕ್ಕುತ್ತಲೇ ಇದ್ದಳು.

"ಮಾಮೋದೀಸ ಆಗದೆ ಹೋಗಿಬಿಡ್ತದಲ್ಲ, ಸೌದಾಮಿನಿ ಚೇಚಿ!" ಎಂದು ಬಾಣಂತಿ ನನ್ನ ಕೈ ಹಿಡಿದು ಗೋಳಾಡಿದಳು.

ನಾನೋ ಕಾಸರಗೋಡಿನ ಬ್ರಾಹ್ಮಣರವಳು. ಆದರೆ ಓದಿದ್ದು ಮಂಗಳೂರಿನ ಸಿಸ್ಟರುಗಳ ಶಾಲೆಯಲ್ಲಿ. ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಈ ಮಾಮೋದೀಸ, ಅಂದರೆ ಜ್ಞಾನಸ್ನಾನ, ಕೊಡಬಹುದೆಂದು ಅಲ್ಲಿ ಕೇಳಿದ್ದೆ. ಚೆಂಬು ಎತ್ತಿ ಮಗುವಿನ ತಲೆಗೆ ನೀರು ಹೊಯ್ದೆ. ಬಾಯಿಗೆ ಬಂದದ್ದು ಕನ್ನಡವೇ: "ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ."

ಸ್ವಲ್ಪ ಹೊತ್ತಿಗೆ ಮಗು ಕಿಟಾರನೆ ಕಿರುಚಿತು.

ಬದುಕಿದ್ದೇ ತಂಟೆಯಾಯಿತು ನೋಡಿ! "ಹಿಂದೂ ಹೆಂಗಸಿನ ನೀರು, ತಿಳಿಯದ ಭಾಷೆ. ಇದೆಂಥ ಮಾಮೋದೀಸ? ಅಚ್ಚನ್ ಮೊದಲಿಂದ ಕೊಡಲಿ" ಎಂದಳು ಅಚ್ಚನ್ ಸಿಗದೆ ವಾಪಸು ಬಂದ ತ್ರೇಸ್ಯಾ. ನನಗೆ ಮೈಯೆಲ್ಲ ಉರಿಯಿತು. ಅದು ಲೆಕ್ಕಕ್ಕಿಲ್ಲವೆಂದರೆ, ಸಾಯುವ ಮಗುವಿನ ಮುಂದೆ ನಾಟಕ ಆಡಿದವಳು ಎಂಬ ಹೆಸರು ನನಗೆ.

ತಿರುವನಂತಪುರದಿಂದ ವರ್ಗವಾಗಿ ಕಸ್ಟಮ್ಸಿಗೆ ಬಂದಿದ್ದ ನನ್ನ ಗಂಡ ಯಜ್ಞನಾರಾಯಣರು, "ನೀನು ಎಂತಕ್ಕೆ ಮೂಗು ತೂರಿಸುದು ಮಾರಾಯ್ತಿ? ಸುಮ್ಮನಿರು" ಎಂದರು. ನಾನು ಕೇಳುವವಳೇ? ಭಾನುವಾರ ಅವರು ಮಗುವನ್ನು ಮಾಮೋದೀಸಕ್ಕೆ ಒಯ್ದಾಗ ಇಗರ್ಜಿಗೆ ಹೋಗಿಯೇ ಹೋದೆ.

ಮುದುಕ ಅಚ್ಚನ್ ನನ್ನನ್ನು ಎದುರಿಗೆ ನಿಲ್ಲಿಸಿ, ನೀರು ತಲೆಯ ಮೇಲೆ ಹರಿಯಿತೇ, ಏನು ಹೇಳಿದೆ ಎಂದು ವಿಚಾರಿಸಿದರು. ಕೊನೆಗೆ, "ಮನಸ್ಸಿನಲ್ಲಿ ಏನಿತ್ತು?" ಎಂದರು.

"ನಿಮ್ಮ ಕ್ರೈಸ್ತ ಸಭೆ ಏನು ಕೊಡ್ತದೋ ಅದೇ ಈ ಮಗುವಿಗೆ ಸಿಗಬೇಕು ಅಂತಿತ್ತು. ಮತ್ತೆಂತ, ತಮಾಷೆಗೆ ಹೊಯ್ದೆನಾ?" ನನ್ನ ಸ್ವರ ಏರಿಬಿಟ್ಟಿತ್ತು.

ಅಚ್ಚನ್ ನಕ್ಕು ತ್ರೇಸ್ಯಾಳ ಕಡೆ ತಿರುಗಿದರು. "ಸಾವಿರದ ಏಳುನೂರು ವರ್ಷದ ಹಿಂದೆ ಆಫ್ರಿಕಾದ ಬಿಷಪರಿಗೂ ರೋಮಿಗೂ ಇದೇ ಜಗಳ. ಸಭೆ ಬಿಟ್ಟು ಹೋದವರು ಕೊಟ್ಟ ಸ್ನಾನ ಸ್ನಾನವಲ್ಲ, ಮತ್ತೆ ಕೊಡಬೇಕು ಅಂದರು ಆಫ್ರಿಕಾದವರು. ರೋಮ್ ಒಪ್ಪಲಿಲ್ಲ. ಹೊಯ್ಯುವ ಕೈ ಯಾರದಾದರೂ ಕೊಡುವವನು ಕ್ರಿಸ್ತ. ಅವನು ಕೊಟ್ಟದ್ದನ್ನು ಮತ್ತೆ ಕೊಡಲು ನಾನು ಯಾರು?"

ಉಳಿದ ಶಾಸ್ತ್ರಕ್ಕೆಂದು ಮಗುವಿನ ನಾಲಗೆಗೆ ಉಪ್ಪು ಮುಟ್ಟಿಸಿದರು, ಎಣ್ಣೆ ಹಚ್ಚಿದರು. ನೀರು ಮಾತ್ರ ಹೊಯ್ಯಲಿಲ್ಲ. ನಾನು ಗೆದ್ದಿದ್ದೆ! ಖುಷಿಗೆ ಕಣ್ಣು ತುಂಬಿ ಬಂತು.

ಊಟಕ್ಕೆ ಸೇರಿದ ನೆಂಟರಲ್ಲಿ ಒಬ್ಬಳು, "ಹಿಂದೂ ಕೊಟ್ಟ ಮಾಮೋದೀಸವಂತೆ?" ಎಂದು ಮೂಗು ಮುರಿದಳು. ತ್ರೇಸ್ಯಾ ಮಗುವನ್ನು ನನ್ನ ಮಡಿಲಿಗೆ ಹಾಕಿ, ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹೌದು, ಇವಳೇ ಕೊಟ್ಟದ್ದು. ಇನ್ನು ಪೋಪ್ ಬಂದರೂ ಅದನ್ನು ತೊಳೆದು ತೆಗೆಯಲಿಕ್ಕೆ ಆಗುದಿಲ್ಲ!"