ಹಿಂದೆ ಬರುವ ಗಾಡಿ

"ಕಣ್ಣುಪಟ್ಟಿ ಬಿಚ್ಚಿ ಇನ್ನೊಂದು ಸುತ್ತು ಹೊಡೆಸಿ," ಎಂದರು ತಳಿಗೆ ಗಂಡುಕುದುರೆ ಆರಿಸಲು ಬಂದಿದ್ದ ಹಿರಿಯ ಪರೀಕ್ಷಕರು.

ತಮ್ಮ ಕುದುರೆ ಕೆಂಚನ ಮೂತಿಯ ಬಳಿ ನಿಂತಿದ್ದ ಅವಳ ಕೈ ಲಗಾಮಿನ ಮೇಲೆ ಬಿಗಿಯಾಯಿತು. ಮೊದಲ ಸುತ್ತು ಚೆನ್ನಾಗಿಯೇ ಆಗಿತ್ತು. ಮೊಣಕಾಲು ಎದೆಯತ್ತ ಎತ್ತಿ ಎತ್ತಿ ಇಡುವ ಕೆಂಚನ ಓಟಕ್ಕೆ ಬೇಲಿಯಾಚೆ ನಿಂತವರೆಲ್ಲ ಮಾತು ನಿಲ್ಲಿಸಿದ್ದರು. ಆದರೆ ಗಾಡಿ ಕಲಿತಂದಿನಿಂದ ಕೆಂಚ ಕಣ್ಣುಪಟ್ಟಿ ಇಲ್ಲದೆ ಗಾಡಿಯ ಎರಡು ಮೂಕಿಗಳ ನಡುವೆ ನಿಂತದ್ದೇ ಇಲ್ಲ. ಕಣ್ಣಿನ ಪಕ್ಕದ ಎರಡು ಚರ್ಮದ ತುಂಡುಗಳ ನಡುವೆ ಅದಕ್ಕೆ ಮುಂದಿನ ದಾರಿಯಷ್ಟೇ ಕಾಣುತ್ತಿತ್ತು. ಹಿಂದೆ ಬರುವುದರ ಸದ್ದು ಕೇಳಿತ್ತು, ಅದನ್ನು ನೋಡಿರಲಿಲ್ಲ.

"ಯಾಕೆ ಸಾರ್? ಗಾಡಿ ಕುದುರೆ ಎಲ್ಲಾ ಪಟ್ಟಿ ಹಾಕ್ಕೊಂಡೇ ಅಲ್ವಾ ಓಡೋದು?" ಎಂದ ಅವಳ ಗಂಡ, ಗಾಡಿಯಿಂದ ಇಳಿಯುತ್ತ.

"ಓಡಿಸೋಕೆ ಹಾಕ್ಕೊಳ್ಳಪ್ಪ, ಬೇಡ ಅಂದೋರ್ಯಾರು? ನಾನು ಆರಿಸ್ತಿರೋದು ಅಪ್ಪನ್ನ. ಮರಿ ಪಟ್ಟಿ ಕಟ್ಕೊಂಡು ಹುಟ್ಟಲ್ಲ."

ಬೇಲಿಯ ಬಳಿ ನಗು ಎದ್ದಿತು. ಗಂಡನೂ ನಕ್ಕ. ಜಿಗಿತದ, ಸವಾರಿಯ ತಳಿಗೆ ಬೇಕಾದ ಗಂಡುಕುದುರೆಗಳ ಆಯ್ಕೆ ಬೆಳಿಗ್ಗೆಯೇ ಮುಗಿದಿತ್ತು. ಕೆಂಚನ ಬೆನ್ನು ಅದಕ್ಕೆ ಆಗುವಂಥದಲ್ಲ. ಗಾಡಿ ತಳಿಗೂ ಆಗದಿದ್ದರೆ ಬೀಜ ಒಡೆಸುವುದೊಂದೇ ದಾರಿ. ಮರಿಯಾಗಿದ್ದಾಗಿನಿಂದ ಗಂಡ ಅದರ ಮೇಲೆ ಪ್ರಾಣವನ್ನೇ ಇಟ್ಟಿದ್ದ.

ಗಾಡಿ ಕಳಚಿ ಹಿಂದಕ್ಕೆ ಸರಿಸಿದರು. ಅವಳು ಪಟ್ಟಿ ಇಲ್ಲದ ಲಗಾಮನ್ನು ತೊಡಿಸಿದಳು.

"ನಗ್ತಾ ನಿಂತ್ಕೊಳ್ಳೇ," ಎಂದ ಗಂಡ ಮೆಲ್ಲಗೆ. "ನಿನ್ನ ಮುಖ ನೋಡಿದ್ರೆ ಕುದುರೆ ಹಾಗಿರ್ಲಿ, ನಾನೇ ಬೆದರ್ತೀನಿ."

"ರೀ, ಬೇಡ ಅನ್ಸುತ್ತೆ."

"ನಿನಗೆ ಯಾವತ್ತು ಬೇಕು ಅನ್ಸಿದೆ ಹೇಳು?"

ಅವನು ಮೂಕಿಗಳನ್ನು ಹಿಡಿದು ಗಾಡಿಯನ್ನು ಕೆಂಚನ ಹಿಂದಿನಿಂದ ಎಳೆದುಕೊಂಡು ಬಂದ. ಚಕ್ರ ಕಿರುಗುಟ್ಟಿತು. ಕೆಂಚ ಕತ್ತು ತಿರುಗಿಸಿತು. ಒಂದು ಕ್ಷಣ ಅದರ ಕಣ್ಣಿನಲ್ಲಿ ಬರೀ ಬಿಳುಪೇ ಕಂಡಿತು. ಆಮೇಲೆ ಅದು ಅಲುಗಲಿಲ್ಲ.

"ಭೇಷ್! ಕಂಬದ ಹಾಗೆ ನಿಂತಿದೆ," ಎಂದರು ಯಾರೋ.

ಗಂಡನ ಮುಖ ಅರಳಿತು. ಗಾಡಿಗೆ ಬಿಗಿಯುವ ಬಾರಿನ ಕೊಂಡಿಗೆ ಕೈ ಹಾಕಿದ. ಅವಳ ಅಂಗೈ ಮಾತ್ರ ಕೆಂಚನ ಮೂಗಿನ ಕೆಳಗಿತ್ತು. ಅಲ್ಲಿ ಬಿಸಿ ಗಾಳಿ ಬರಬೇಕಿತ್ತು. ಬರಲಿಲ್ಲ. ತಾನು ಸುಮ್ಮನಿದ್ದರೆ ನಡೆದುಹೋಗಲೂಬಹುದು. ಕೆಂಚ ಸುತ್ತು ಮುಗಿಸಿ ಬರಲೂಬಹುದು. ಬೆದರಿ ಓಡಿದರೆ ಗಾಡಿಯ ಮೇಲೆ ಗಂಡ, ಅಲ್ಲಿ ಬೇಲಿ, ಬೇಲಿಗೆ ಒರಗಿದ ಜನ.

"ಕಟ್ಟಬೇಡಿ ರೀ."

"ಏನೇ?"

ಅವಳು ಗಂಡನನ್ನು ಬಿಟ್ಟು ಪರೀಕ್ಷಕರ ಕಡೆ ನೋಡಿದಳು. "ಉಸಿರು ಬಿಡ್ತಿಲ್ಲ ಸಾರ್. ಇದು ಧೈರ್ಯ ಅಲ್ಲ, ಹೆದರಿ ಸೆಟೆದುಕೊಂಡಿದೆ. ಕೈ ಇಟ್ಟು ನೋಡಿ."

ಅವರು ಬಂದು ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಗಾಡಿ ಹಿಂದಕ್ಕೆ ತಗೊಳ್ಳಪ್ಪ," ಎಂದರು. "ಮುಂದಿನ ಕುದುರೆ ಬರಲಿ."

ಲಾಯಕ್ಕೆ ಹೋಗುವ ದಾರಿ ಉದ್ದಕ್ಕೂ ಜಲ್ಲಿ. ಅವಳು ಕೆಂಚನನ್ನು ನಡೆಸಿಕೊಂಡು ಮುಂದೆ ಹೊರಟಳು. ಗಂಡ ಯಾರ ಸಹಾಯವನ್ನೂ ಕೇಳದೆ ಗಾಡಿಯನ್ನು ತಾನೇ ಎಳೆದುಕೊಂಡು ಹಿಂದೆ ಬಂದ. ಕುದುರೆಯ ಜೊತೆಗಾದರೂ ಮಾತಾಡದೆ ದಾರಿ ನಡೆದವನಲ್ಲ. ಈಗ ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು ಬಿಟ್ಟರೆ ಏನೂ ಇಲ್ಲ. ಕೆಂಚನ ಎರಡೂ ಕಿವಿ ಹಿಂದಕ್ಕೆ ತಿರುಗಿದ್ದವು. ಬೆನ್ನಿನ ಚರ್ಮ ಅದಿರುತ್ತಿತ್ತು.

ಸದ್ದು ಹತ್ತಿರವಾಯಿತು. ಅವಳು ತಿರುಗಿ ನೋಡಲಿಲ್ಲ. ಕೈ ಎತ್ತಿ ಕೆಂಚನ ಕಣ್ಣಿನ ಪಕ್ಕ ಅಂಗೈಯನ್ನು ಅಡ್ಡ ಹಿಡಿದು, ಹಾಗೆಯೇ ನಡೆದಳು.