ಇಟಲಿಯವನ ಅಳು

ಮೂರನೆಯ ಸಲ ಬಿಸಿ ಮಾಡಿದ ಗಂಜಿಯ ಮೇಲೆ ಮತ್ತೆ ಕೆನೆ ಕಟ್ಟಿತು. ಶಾರವ್ವ ಗೋಡೆಯತ್ತ ಹೊರಳಿದಳು.

"ಬಾಯಿಗೆ ರುಚಿ ಇಲ್ಲೋ ತಮ್ಮಾ. ಒತ್ತಾಯ ಮಾಡಬ್ಯಾಡ."

ಜ್ವರ ಬಿಟ್ಟು ಒಂಬತ್ತು ದಿನವಾಗಿತ್ತು, ಹಟ ಬಿಟ್ಟಿರಲಿಲ್ಲ. ಹೊಟ್ಟೆಗೆ ಏನೂ ಹೋಗದಿದ್ದರೆ ತಮ್ಮ ಔಷಧ ನಡೆಯುವುದಿಲ್ಲವೆಂದು ಡಾಕ್ಟರು ಕೈಚೆಲ್ಲಿದ್ದರು. ಸೊಸೆ ಹೆರಿಗೆಗೆಂದು ಕಮತಗಿಯ ತವರಿಗೆ ಹೋಗಿದ್ದಳು. ಬಾಗಲಕೋಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಚಂದಪ್ಪ ತಾಯಿಯ ಒಂದು ತುತ್ತಿಗಾಗಿ ತನ್ನ ವಿದ್ಯೆಯನ್ನೆಲ್ಲ ಸುರಿದಿದ್ದ: ಡಾಕ್ಟರರಂತೆ ಮೂಗಿನಲ್ಲಿ ಮಾತಾಡಿದ, ಹೆಡ್ಮಾಸ್ತರರಂತೆ ಕೆಮ್ಮಿದ, ಕೊನೆಗೆ ಬೀಗರ ಎಮ್ಮೆಯನ್ನೂ ಕೂಗಿಸಿದ. ಮೊದಲಾಗಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದವಳು ಈಗ ಕಣ್ಣೂ ತೆರೆಯಲಿಲ್ಲ.

"ಹಂಗಾರ ಉಪಾಸ ಬಿದ್ದ ಸಾಯಿ," ಎಂಬುದು ಬಾಯಿಂದ ಜಾರಿಯೇಬಿಟ್ಟಿತು. ಜಾರಿದ ಮಾತಿಗೆ ತಾನೇ ಹೆದರಿ ಪಡಸಾಲೆಗೆ ಹೋದ.

ಅಲ್ಲಿ ಮುಂಬಯಿಯ ಗೆಳೆಯ ಕಳಿಸಿದ್ದ ಆಲ್ಬಮ್ಮಿತ್ತು. ರಟ್ಟಿನ ದಪ್ಪ ಪುಸ್ತಕ, ಹಾಳೆಗಳ ಜಾಗದಲ್ಲಿ ಹಾಡಿನ ನಾಲ್ಕು ಪ್ಲೇಟು. ಇಟಲಿಯ ಏರುದನಿಯ ಗಾಯಕನೊಬ್ಬನದು: ಎರಡರಲ್ಲಿ ಬೀದಿಯವರೂ ಗುನುಗುವ ಪದಗಳು, ಎರಡರಲ್ಲಿ ಮಾತಿಲ್ಲದೆ ಹಾಡಿಯೇ ಆಡುವ ಅವರ ದೇಶದ ಆಪೆರಾ ನಾಟಕದವು. ಅವ್ವ ಹಾಸಿಗೆ ಹಿಡಿದ ದಿನವೇ ಬಂದದ್ದರಿಂದ ಬಿಚ್ಚಿರಲಿಲ್ಲ. ಚಂದಪ್ಪ ಸಿಟ್ಟಿನಲ್ಲಿ ಗ್ರಾಮೋಫೋನಿಗೆ ಕೀಲಿ ತಿರುವಿ, ಕೈಗೆ ಬಂದ ಪ್ಲೇಟು ಹಚ್ಚಿದ.

ಆತ ಏರಿದ, ಏರಿದ, ತುದಿಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತ. ಗಂಡಸು, ಗಂಟಲು ಬಿಚ್ಚಿ! ಎರಡನೆಯ ಸಲ ಹಚ್ಚಿದಾಗ ಚಂದಪ್ಪ ಚಾಳಿಯಂತೆ ಅವನನ್ನು ಅಣಕಿಸಿದ. ಬಿಕ್ಕು ಹೊರಗೆ ಬಂತು, ಬಂದದ್ದು ನಿಲ್ಲಲಿಲ್ಲ. ಪ್ಲೇಟು ಮುಗಿದ ಮೇಲೂ ಚಂದಪ್ಪ ಅಳುತ್ತಲೇ ಇದ್ದ.

ಸ್ವಲ್ಪ ಹೊತ್ತಿಗೆ, ಅಳು ಕೇಳಿ, ಬಾಗಿಲಲ್ಲಿ ಪಕ್ಕದ ಮನೆಯ ಸುಂದರವ್ವ. ಸೊಂಟದ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬುತ್ತಿ ನೆರೆಯವರೇ ತರಬೇಕು. ಮಣ್ಣಾಗುವವರೆಗೆ ಕಾಯುವುದೂ ಪದ್ಧತಿಯೇ, ಆದರೆ ಸುಂದರವ್ವನಿಗೆ ಯಾವುದಕ್ಕೂ ತಡವಾಗಬಾರದು. ಚಂದಪ್ಪ ಬಾಯಿ ತೆರೆಯುವುದರೊಳಗೆ ಆಕೆ ಹೊಸ್ತಿಲ ಮೇಲೆ ಕುಳಿತು ಹಾಡಿ ಅಳಲು ಹತ್ತಿದಳು.

"ಬೇಡಿದವರಿಗೆ ಇಲ್ಲ ಅನ್ನದಾಕಿ, ಶಾರಕ್ಕಾ, ನಮ್ಮನ್ನ ಬಿಟ್ಟು ಹೆಂಗ ಹೋದೆವ್ವಾ…"

"ಸುಂದ್ರಿ," ಎಂದಿತು ಒಳಗಿನ ದನಿ. "ಮೊದಲ ತವರೂರ ಹಿಡಿದು ಅಳಬೇಕು, ಹುನಗುಂದದ ಮಗಳ ಅಂತ. ಗುಣ ಆಮ್ಯಾಲ."

ಓಣಿಯಲ್ಲಿ ಯಾರು ಸತ್ತರೂ ಹಾಡಿ ಅಳುವುದಕ್ಕೆ ಶಾರವ್ವನೇ ಮುಂದು. ಈಗ ಗೋಡೆ ಹಿಡಿದು ಪಡಸಾಲೆಗೆ ಬಂದು ಕುಳಿತಳು. ಸುಂದರವ್ವ ಬಾಯಿಗೆ ಸೆರಗು ತುರುಕಿಕೊಂಡು, ತಪ್ಪಾಯಿತೆಂದು ಬುಟ್ಟಿ ಎತ್ತಿಕೊಳ್ಳಹೋದಳು.

"ಇಡ ಅಲ್ಲೆ. ತಂದ ಬುತ್ತಿ ಹೊಳ್ಳಿ ಒಯ್ಯಬಾರದು."

ಶಾರವ್ವ ಬಟ್ಟೆ ಸರಿಸಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ. ಒಂದು ಚೂರು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು ನುಂಗಿದಳು. ಚಂದಪ್ಪ ಆ ಗಂಟಲನ್ನೇ ನೋಡುತ್ತಿದ್ದ.

"ಯಾರೋ ಅಂವಾ, ಅತ್ತಾಂವ?"

"ಇಟಲಿಯಾಂವ."

"ಯಾರ ಹೆಸರೂ ಹಿಡೀದ ಅಳ್ತಾನ. ಆದರ ಖರೆ ಅಳ್ತಾನ." ಇನ್ನೊಂದು ಚೂರು ಮುರಿದಳು. "ಎರಡನೇ ಸರ್ತಿ ಇಬ್ಬರು ಅತ್ರಿ."

ಚಂದಪ್ಪ ಪ್ಲೇಟಿನ ಮೇಲಿಂದ ಮುಳ್ಳು ಎತ್ತಿಟ್ಟ.

"ಹಚ್ಚು ಮತ್ತ," ಎಂದಳು.

ಅವನು ಕೀಲಿ ತಿರುವಿದ. ಶಾರವ್ವ ಮಗನ ಕೈಗೊಂದು ರೊಟ್ಟಿ ಕೊಟ್ಟಳು. ಇನ್ನೊಂದನ್ನು ಮುರಿದು, ಪಲ್ಯ ಸವರಿ, ಗ್ರಾಮೋಫೋನಿನ ಪೆಟ್ಟಿಗೆಯ ಅಂಚಿನ ಮೇಲಿಟ್ಟಳು. ಇಟಲಿಯವನು ಏರತೊಡಗಿದ. ಅವನ ದನಿಗೆ ರೊಟ್ಟಿಯ ತುಂಡು ಸಣ್ಣಗೆ ನಡುಗುತ್ತಿತ್ತು.