ಅಂಗಡಿಯಲ್ಲಿ ಮಲಗುತ್ತಿದ್ದವನು

ಅಂಗಿಯ ತೋಳಿಗೆ ಸತ್ತ ಗಂಡನ ಕೈ ತೂರಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ನಾದಿನಿ ಬಾಗಿಲಲ್ಲೇ ನಿಂತು, ಕೈಗವಸು ಹಾಕಿಕೋ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಎಚ್‌ಐವಿ ಇದ್ದವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದಾಗ ಅಂಟದ್ದು ಈಗ ಅಂಗಿ ತೊಡಿಸುವಾಗ ಅಂಟುತ್ತದೆಯೇ ಎಂದು ಕೇಳಲೂ ಅವಳಲ್ಲಿ ತ್ರಾಣವಿರಲಿಲ್ಲ.

ಸತ್ತವನು ಹಾಸಿಗೆ ಹೊಲಿಯುವವನು. ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟ ಮಹಾಶಯ, ತಾನು ಮಾತ್ರ ಮನೆ ಬಿಟ್ಟು ಅಂಗಡಿಯ ಹತ್ತಿಮೂಟೆಗಳ ನಡುವೆ ಮಲಗತೊಡಗಿ ವರ್ಷಗಳೇ ಆಗಿದ್ದವು. ಕೆಲಸ ಜಾಸ್ತಿ ಅನ್ನುತ್ತಿದ್ದ. ಬೀದಿಯವರು ಬೇರೆ ಕಾರಣ ಹೇಳುತ್ತಿದ್ದರು. ಅವಳಿಗೂ ಅದೇ ಅನುಮಾನ. ಬಂದವರಲ್ಲಿ ಗುರುತಿಲ್ಲದ ಹೆಂಗಸು ಯಾರಾದರೂ ಅಳುತ್ತಿದ್ದಾಳೆಯೇ ಎಂದು ಬೆಳಗಿನಿಂದ ಅವಳ ಕಣ್ಣು ಹುಡುಕುತ್ತಲೇ ಇತ್ತು.

*

ವರ್ಷಗಳ ಹಿಂದಿನ ಒಂದು ಭಾನುವಾರದ ಮಧ್ಯಾಹ್ನ. ಮಾತ್ರೆ ತಪ್ಪಿಸುತ್ತಿಲ್ಲ, ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ, ಹೀಗೇ ಇದ್ದರೆ ಹೆಂಡತಿಗೆ ಅಂಟುವ ಭಯವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನು ಆಸೆಯಿಂದಲೇ ಹತ್ತಿರ ಬಂದ. ಅವನ ಮೈ ಮಾತು ಕೇಳಲಿಲ್ಲ. ಹಾಗಾಗಿದ್ದು ಅದೇ ಮೊದಲಲ್ಲ.

"ಬಿಡಿ, ನಂಗೂ ಸುಸ್ತಾಗಿದೆ," ಎಂದಳು. ನಿಜವಾಗಿಯೂ ಸುಸ್ತಾಗಿತ್ತು, ಬೆಳಗಿನಿಂದ ಬಟ್ಟೆ ಒಗೆದಿದ್ದಳು. ಮರುದಿನದಿಂದ ಅವನು ಅಂಗಡಿ ಸೇರಿದ. ತನ್ನ ಮೇಲೆ ಮನಸ್ಸಿಲ್ಲ, ಅದು ಬೇರೆಲ್ಲೋ ಇದೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ಬಾಯಿಬಿಟ್ಟು ಕೇಳಲಿಲ್ಲ, ಅವನೂ ಹೇಳಲಿಲ್ಲ.

*

ಹೆಣ ಒಯ್ಯಲು ವ್ಯಾನ್ ತಂದವನು ಅವನ ಗೆಳೆಯನೇ. ಮಾತ್ರೆ ಕೊಡುವ ಆಸ್ಪತ್ರೆಯ ಸಾಲಿನಲ್ಲಿ ಶುರುವಾದ ಗೆಳೆತನ. ಒಳಗೆ ಬಂದವನು, ಯಾರನ್ನು ಹುಡುಕುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದ.

"ಅವಳನ್ನ. ಬಂದಿದ್ರೆ ಒಳಗೆ ಕರೀರಿ. ಜಗಳ ಆಡೋ ಶಕ್ತಿ ನಂಗಿಲ್ಲ."

ಗೆಳೆಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಂಥವಳು ಯಾರೂ ಇರ್ಲಿಲ್ಲ ಅತ್ತಿಗೆ. ಅವನ ಕೈಲಿ ಆಗ್ತಿರ್ಲಿಲ್ಲ, ಅಷ್ಟೇ. ನಿಮಗೆ ಮುಖ ತೋರ್ಸೋಕೆ ನಾಚಿಕೆ."

ತನಗೂ ಹಾಗೇ ಆಗಿತ್ತು ಎಂದು ಅವನು ತಲೆ ತಗ್ಗಿಸಿ ಹೇಳಿದ. ಡಾಕ್ಟರಿಗೆ ಹೇಳಿಕೊಂಡ ಮೇಲೆ ಬೇರೆ ಔಷಧಿ ಕೊಟ್ಟರು, ಸರಿಹೋಯಿತು. ನೀನೂ ಡಾಕ್ಟರಿಗೆ ಹೇಳು ಎಂದು ಇವನಿಗೆ ದುಂಬಾಲು ಬಿದ್ದಿದ್ದ. ಇನ್ನೇನು ತೊಂದರೆ ಎಂದು ಡಾಕ್ಟರು ಕೇಳಿದಾಗಲೆಲ್ಲ ಇವನದು ಒಂದೇ ಉತ್ತರ, ಏನೂ ಇಲ್ಲ. ಕೊನೆಗೆ ಎಲ್ಲಾ ಆ ಎಚ್‌ಐವಿ ಮಾತ್ರೆಯಿಂದಲೇ ಎಂದು ತಾನೇ ನಿರ್ಧರಿಸಿ, ಯಾರಿಗೂ ಹೇಳದೆ ಅದನ್ನು ನಿಲ್ಲಿಸಿದ. ಕಾಯಿಲೆ ಬಿದ್ದ ಮೇಲಷ್ಟೇ ಗೆಳೆಯನಿಗೂ ಗೊತ್ತಾದದ್ದು.

"ಮಾತ್ರೆ ಬಿಟ್ರೆ ಸಾಯ್ತೀನಿ ಅಂತ ಗೊತ್ತಿರ್ಲಿಲ್ವಾ ಇವರಿಗೆ?"

"ಗೊತ್ತಿತ್ತು. ಸ್ವಲ್ಪ ದಿನ ಬಿಡ್ತೀನಿ, ಸರಿಹೋದ್ರೆ ಮನೆಗೆ ವಾಪಸ್ ಹೋಗ್ತೀನಿ ಅಂದ್ಕೊಂಡಿದ್ನಂತೆ."

ಅವಳಿಗೆ ಸಿಟ್ಟು ಬಂತು, ಅಳು ಆಮೇಲೆ ಬಂತು. ಗೆಳೆಯನನ್ನು ಹೊರಗೆ ಕಳಿಸಿ, ನಾದಿನಿಯ ಮುಖದ ಮೇಲೇ ಬಾಗಿಲು ಹಾಕಿಕೊಂಡಳು. ಹೊತ್ತಾಯಿತೆಂದು ಆಚೆಯಿಂದ ಎಲ್ಲರೂ ಕೂಗುತ್ತಿದ್ದರು.

"ಸ್ವಲ್ಪ ಆ ಕಡೆ ಸರೀರಿ," ಎಂದಳು. ಎರಡೂ ಕೈಯಲ್ಲಿ ಅವನ ಭಾರವಾದ ಭುಜವನ್ನು ತಾನೇ ತಳ್ಳಿ, ಆದ ಜಾಗದಲ್ಲಿ ಮೈ ಚಾಚಿದಳು.